ಎಡಗಿವಿಯ ಕಚ್ಚು

ಮೊನ್ನೆ ಮಳೆ ಹಿಡಿದ ದಿನ ನಮ್ಮ ಬ್ಯಾಂಕಿನೊಳಗೆ ಹಸಿ ಕಂಬಳಿಯ ವಾಸನೆ ಬಂತು. ಬನಹಟ್ಟಿಯ ಈ ಶಾಖೆಗೆ ಬರುವವರು ಹೆಚ್ಚಾಗಿ ನೇಕಾರರು, ಸೀರೆ ವ್ಯಾಪಾರದವರು. ಅವರ ಮೈಗೆ ನೂಲಿನ ವಾಸನೆ, ಮಗ್ಗದ ಎಣ್ಣೆಯ ವಾಸನೆ. ಕಂಬಳಿಯದು ಮೂಗಿಗೆ ಬಡಿದ ಕೂಡಲೇ ಸಾಲಿನಲ್ಲಿದ್ದ ಇಬ್ಬರು ಮುಖ ಸಿಂಡರಿಸಿ ಸರಿದು ನಿಂತರು. ನಾನು ಬಾಗಿಲಲ್ಲಿ ಬಂದೂಕು ಹಿಡಿದು ನಿಂತಿದ್ದೆ. ನನಗೆ ಅದು ಹುಟ್ಟಿದ ಮನೆಯ ವಾಸನೆ. ಆದರೂ ನಾನೂ ಒಂದು ಹೆಜ್ಜೆ ಹಿಂದೆ ಸರಿದೆ. ಆ ಕಂಬಳಿಯೊಳಗೆ ಯಾರಿದ್ದಾರೆಂದು ಮುಖ ನೋಡುವ ಮೊದಲೇ ಗೊತ್ತಾಗಿತ್ತು. ಅಮಸಿದ್ಧ ಮಾಮಾ. ನನ್ನ ತಾಯಿಯ ತಮ್ಮ, ನನ್ನ ಹೆಂಡತಿಯ ಅಪ್ಪ. ಆರು ವರ್ಷದಿಂದ ನಾವು ಮಾತು ಬಿಟ್ಟಿದ್ದೆವು. ಆ ಆರು ವರ್ಷದಿಂದ ಮನಸ್ಸಿನಲ್ಲಿ ಅವನನ್ನು ಏಕವಚನದಲ್ಲೇ ನೆನೆಯುತ್ತೇನೆ. ಬಾಯಿ ಮಾತ್ರ ಹಳೆಯ ಬಹುವಚನ ಬಿಟ್ಟಿಲ್ಲ.

ಅವನು ಸಾಲಿನಲ್ಲಿ ನಿಂತಿದ್ದಷ್ಟು ಹೊತ್ತು, ನಾನು ಮಿಲಿಟರಿಯಿಂದ ಊರಿಗೆ ಮರಳಿದ ವರ್ಷದ ಮಳೆಗಾಲ ಮತ್ತೆ ಸುರಿಯಿತು.

ನನಗೆ ಚಿಕ್ಕಂದಿನಿಂದಲೂ ದನದ ಡಾಕ್ಟರಾಗುವ ಹುಚ್ಚು. ಹುನ್ನೂರಿನಲ್ಲಿ ನಮ್ಮ ಕುರಿದಡ್ಡಿಗೆ ಒಮ್ಮೆ ಜಮಖಂಡಿಯಿಂದ ಡಾಕ್ಟರೊಬ್ಬರು ಬಂದು, ಸತ್ತೇ ಹೋಯಿತೆಂದು ನಾವು ಕೈಬಿಟ್ಟಿದ್ದ ಕುರಿಯ ಹೊಟ್ಟೆಯಿಂದ ಎರಡು ಮರಿಗಳನ್ನು ಜೀವಂತ ತೆಗೆದಿದ್ದರು. ಮುಳ್ಳಿನ ಬೇಲಿಯ ಆಚೆ ನಿಂತು ನೋಡಿದ ನಾನು ಆವತ್ತು ಊಟ ಮಾಡಲಿಲ್ಲ. ಮುಂದೆ ಪಿಯುಸಿ ವಿಜ್ಞಾನಕ್ಕೆ ಹೋದೆ, ಎರಡು ಸಲ ನಪಾಸಾದೆ. ಮನೆಯಲ್ಲಿ ಎಲ್ಲರೂ ಕೋಲು-ಕಂಬಳಿ ಕೈಗೆ ಕೊಡಲು ತಯಾರಾಗಿದ್ದಾಗ ಮಾಮಾ ಒಬ್ಬನೇ ಅಡ್ಡ ನಿಂತ.

"ಮಿಲಿಟ್ರ್ಯಾಗ ಕುದುರಿ ಅದಾವು, ಹೇಸರಗತ್ತಿ ಅದಾವು, ನಾಯಿ ಅದಾವು. ಅವಕ್ಕ ಜಡ್ಡು ಬರೂದಿಲ್ಲೇನು? ಡಾಕ್ಟರ್ ಬೇಕs ಬೇಕು. ಮುಂದಿನ ಬಾಗಲಾ ಹಾಕಿದ್ರ ಹಿತ್ತಲ ಬಾಗಲದಿಂದ ಹೋಗೂದು" ಅಂದ.

ಅಂದು ಬಿಡಲಿಲ್ಲ. ಮಿಲಿಟರಿಗೆ ಆಳು ಆರಿಸುವ ಭರತಿಗೆ ಮೂರು ತಿಂಗಳು ಇರುವಾಗ ದಿನಾ ಬೆಳಗ್ಗೆ ಜಮಖಂಡಿ ರಸ್ತೆಗೆ ನನ್ನನ್ನು ಹೊರಡಿಸುತ್ತಿದ್ದ. ನಾನು ಮುಂದೆ ಓಡಬೇಕು, ಅವನು ಕೋಲು ಹಿಡಿದು ಹಿಂದೆ. "ಓಡಲೇ ಮಾಳ್ಯಾ, ತ್ವಾಳ ಬೆನ್ನ ಹತ್ತೈತಿ!" ಎಂದು ಕೂಗುವವನು. ಕಬ್ಬಿನ ಗಾಡಿಯವರು ನಿಲ್ಲಿಸಿ ನಗುತ್ತಿದ್ದರು. ಆರಿಸಿಕೊಂಡರೆಂದು ಗೊತ್ತಾದ ದಿನ ತನ್ನ ಹೆಗಲ ಮೇಲಿನ ಕರಿ ಕಂಬಳಿಯನ್ನು ನನಗೆ ಹೊದಿಸಿದ. ರಜೆಗೆ ಬಂದಾಗ ಮಗಳು ರೇವವ್ವನನ್ನೂ ಕೊಟ್ಟ. ಅಪ್ಪನಿಲ್ಲದ ನನಗೆ ಅಪ್ಪನೆಂದರೆ ಅವನೇ.

ಮಿಲಿಟರಿಯಲ್ಲಿ ನನಗೆ ಸಿಕ್ಕ ಕೆಲಸದ ಹೆಸರು ಡ್ರೆಸ್ಸರ್. ಗಾಯ ತೊಳೆಯುವುದು, ಪಟ್ಟಿ ಕಟ್ಟುವುದು, ಹೇಳಿದ ಸೂಜಿ ಹಾಕುವುದು. ಹಿಮದ ಗಡಿಯಲ್ಲಿ ಸಾಮಾನು ಹೊರುವ ಹೇಸರಗತ್ತೆಗಳೇ ನನ್ನ ರೋಗಿಗಳು. ಹೊರೆಯ ಕೆಳಗಿನ ತಡಿ ಉಜ್ಜಿ ಬೆನ್ನು ಕಿತ್ತುಹೋದವು, ಕಾಲು ಜಾರಿ ಕಮರಿಗೆ ಬಿದ್ದವು, ಎಂಥೆಂಥವನ್ನೋ ಹೊಲಿದು ಎಬ್ಬಿಸಿದ್ದೇನೆ. ಅಲ್ಲಿ ಮೊದಲ ದಿನವೇ ಕಲಿಸಿದ ಪಾಠ ಒಂದು: ಗಾಯ ಹೇಗಾಯಿತೆಂದು ಕೇಳಬೇಡ. ರಕ್ತ ನಿಲ್ಲಿಸು, ತೊಳೆ, ಕಟ್ಟು. ಕೇಳುವುದು ಮೇಲಿನವರ ಕೆಲಸ.

ಆ ಮೇಲಿನವರಲ್ಲಿ ಒಬ್ಬರು ಪಶುವೈದ್ಯ ಸಾಹೇಬರು. ಮೊದಲ ವರ್ಷವೇ ನನ್ನ ಹೊಲಿಗೆ ನೋಡಿ, "ನೀನು ಡಾಕ್ಟರೇ ಮಾರಾಯ, ಕಾಗದ ಒಂದು ಬಾಕಿ. ಸೇವೆ ಮುಗಿಸು, ಆ ಕಾಗದದ ಜವಾಬ್ದಾರಿ ನನ್ನದು" ಎಂದು ಹಿಂದಿಯಲ್ಲಿ ಹೇಳಿದರು. ಅವರು ಒಮ್ಮೆ ಹೇಳಿದರು, ನಾನು ಹದಿನೇಳು ವರ್ಷ ನಂಬಿದೆ. ಅವರಿಗೆ ವರ್ಗವಾಯಿತು. ಪತ್ರ ಬರೆದೆ, ಉತ್ತರ ಬರಲಿಲ್ಲ. ಆದರೂ ಆ ಮಾತನ್ನು ಟ್ರಂಕಿನ ತಳದಲ್ಲಿಟ್ಟ ಹೊಸ ಅಂಗಿಯಂತೆ ಕಾಪಾಡಿಕೊಂಡೆ.

ಊರಿನಲ್ಲಿ ಅಷ್ಟರಲ್ಲಿ ನಾನು ಡಾಕ್ಟರಾಗಿಯೇ ಬಿಟ್ಟಿದ್ದೆ. ಮೊದಲ ರಜೆಯಲ್ಲಿ ಪಕ್ಕದ ಮನೆಯವರ ಎಮ್ಮೆಯ ಹುಳು ಬಿದ್ದ ಗಾಯವನ್ನು ವಾಸಿ ಮಾಡಿದ್ದೇ ನೆಪ. ನಮ್ಮವ್ವ ಬಾವಿಕಟ್ಟೆಯಿಂದ ಹಿಡಿದು ಬೀಗರ ಮನೆತನಕ ಸಾರಿ ಬಂದಳು. "ಮಿಲಿಟ್ರಿ ಡಾಕ್ಟರ್ ಬಂದ್ರು" ಎಂದು ಕಟ್ಟೆಯ ಮೇಲಿನವರು ಎದ್ದು ನಿಂತರು. ಅಲ್ಲ ಎಂದು ಹೇಳಲು ಎಷ್ಟು ಹೊತ್ತು ಬೇಕು? ನಾನು ಹೇಳಲಿಲ್ಲ. ಸುಳ್ಳು ಹೇಳಿದೆ ಅನ್ನುವುದಕ್ಕಿಂತ, ಬೇರೆಯವರು ಹೇಳಿದ ಸುಳ್ಳಿನ ಮೇಲೆ ಆರಾಮಾಗಿ ಕೂತೆ ಅನ್ನಬೇಕು.

ನಿವೃತ್ತನಾಗಿ ಬಂದದ್ದು ಬಿರುಬೇಸಿಗೆಯಲ್ಲಿ. ಕೈಯಲ್ಲಿ ಒಂದು ಪ್ರಮಾಣಪತ್ರವಿತ್ತು. ಅದನ್ನು ಹಿಡಿದು ಜಮಖಂಡಿಯ ದನದ ದವಾಖಾನೆಗೆ ಹೋದೆ. ಮಾಮಾನೂ ಬೈಕಿನ ಹಿಂದೆ ಕೂತು ಬಂದ. "ನೀ ಒಳಗ ಹೋಗು, ನಾ ಇಲ್ಲೆ ನೆಳ್ಳಾಗ ಕುಂದರ್ತೇನಿ" ಎಂದು ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೂತ.

ಒಳಗಿದ್ದವರು ಒಬ್ಬರು ಡಾಕ್ಟರಮ್ಮ, ಚಿಕ್ಕ ವಯಸ್ಸು. ಕಾಗದವನ್ನು ಎರಡು ಸಲ ಓದಿದರು. "ಕೆಲಸಾ ಭಾಳ ಕಲ್ತೀರಿ. ಆದ್ರ ಇದರಾಗ ಏನ್ ಬರದಾರ ನೋಡ್ರಿ, ಪಶುವೈದ್ಯರ ಕೈ ಕೆಳಗ ಕೆಲಸಾ ಮಾಡಬಹುದು ಅಂತ. ಈ ಕಾಗದದ ಮ್ಯಾಲೆ ನೀವು ಡಾಕ್ಟರ್ ಆಗೂದಿಲ್ರಿ. ಡಿಗ್ರಿ ಓದಬೇಕು, ನೋಂದಣಿ ಆಗಬೇಕು. ನಿಮಗ ಯಾರೂ ಹೇಳಿಲ್ಲೇನ್ರಿ?"

ಹದಿನೇಳು ವರ್ಷ ಯಾರೂ ಹೇಳಿರಲಿಲ್ಲ. ಇಲ್ಲ, ಹೇಳುವವರ ಹತ್ತಿರ ನಾನು ಕೇಳಿರಲಿಲ್ಲ. ಹಿಮದಲ್ಲಿ ಬೆರಳು ಮರಗಟ್ಟಿದಾಗಲೂ ಅಷ್ಟು ತಣ್ಣಗಾಗಿರಲಿಲ್ಲ ನಾನು. ಹೊರಗೆ ಬಂದರೆ ಮಾಮಾ ಎದ್ದು ನಿಂತು ಕಂಬಳಿ ಕೊಡವಿದ.

"ಆತೇನು?"

"ಆತ್ರಿ ಮಾಮಾ."

"ಛಲೋ ಆತು" ಅಂದ. ಮುಖ ಬೇರೆ ಕಡೆ ಇತ್ತು. ಹಿಂದೆ ಕೂತವನು ಹುನ್ನೂರು ಬರುವತನಕ ಒಂದು ಮಾತೂ ಆಡಲಿಲ್ಲ. ಹೆಮ್ಮೆಯಿಂದ ಸುಮ್ಮನಿದ್ದಾನೆ ಎಂದುಕೊಂಡೆ.

ಮೃಗಶಿರಾ ಮಳೆ ಹಿಡಿಯಿತು. ನಮ್ಮ ಸುತ್ತಿನ ಎರೆಭೂಮಿ ನೆನೆದರೆ ಕಾಲು ಕಿತ್ತಿಡಲಾಗುವುದಿಲ್ಲ. ಕುರಿಯ ಗೊರಸು ಕೊಳೆಯುತ್ತದೆ. ಕಬ್ಬು ಬಿಟ್ಟರೆ ಹಸಿರಿಲ್ಲ, ಕಬ್ಬಿನೊಳಗೆ ಬಾಯಿ ಹಾಕಿದರೆ ಜಗಳ. ಅದಕ್ಕೆ ನಮ್ಮವರು ಮಳೆಗಾಲಕ್ಕೆ ಬೀಳಗಿ ಕಡೆಯ ಕಲ್ಲುನೆಲಕ್ಕೆ ಹಿಂಡು ಹೊಡೆದುಕೊಂಡು ಹೋಗುತ್ತಾರೆ. ಒಬ್ಬೊಬ್ಬರೇ ಹೋಗುವುದಿಲ್ಲ. ಐದು ಮನೆಯ ಕುರಿ ಕೂಡಿಸಿ ಒಂದೇ ಹಿಂಡು ಮಾಡುತ್ತಾರೆ. ಕೂಡಿಸುವ ದಿನ ಬೀರೇಶ್ವರನ ಗುಡಿಯ ಮುಂದೆ ಐದು ಮನೆಯ ಹಿರಿಯರು ಭಂಡಾರ ಮುಟ್ಟಿ ಆಣೆ ಮಾಡಬೇಕು: ಇವತ್ತಿನಿಂದ ದೀಪಾವಳಿತನಕ ಹೊರಗಿನ ಕುರಿಯ ಕಾಲು ಈ ದಡ್ಡಿಯೊಳಗೆ ಬೀಳಬಾರದು. ರೋಗ ಎಲ್ಲಿಂದ ಬರುತ್ತದೆಂದು ಪುಸ್ತಕ ಓದದೆಯೇ ತಿಳಿದವರು ಮಾಡಿದ ಕಟ್ಟಳೆ ಇದು. ಭಂಡಾರವೆಂದರೆ ಅರಿಸಿನದ ಪುಡಿ, ಅಷ್ಟೆ. ಆದರೆ ಅದನ್ನು ಮುಟ್ಟಿ ಸುಳ್ಳು ಹೇಳಿದ ಮನುಷ್ಯನನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಹಿಂಡು ಕೂಡಿದ ಮೇಲೆ ಯಾವುದು ಯಾರದೆಂದು ತಿಳಿಯಲು ಕಿವಿಯ ಗುರುತು. ಮರಿ ಇದ್ದಾಗಲೇ ಕೊಯ್ದಿರುತ್ತಾರೆ. ಮಾಮಾನ ಮನೆಯದು ಎಡಗಿವಿಯ ತುದಿ ಸೀಳಿ, ಕೆಳಗಿನ ಅಂಚಿಗೆ ಒಂದು ಕಚ್ಚು. ನಾನು ಅಕ್ಷರ ಕಲಿಯುವ ಮೊದಲೇ ಆ ಐದೂ ಮನೆಯ ಕಿವಿ ಓದಲು ಕಲಿತವನು.

ಆ ವರ್ಷ ಹಿಂಡಿನ ಹಿರಿಯ ಅಮಸಿದ್ಧ ಮಾಮಾ. ನಾನು ಊರಲ್ಲೇ ಉಳಿದೆ. ಕರೆದವರ ಮನೆಗೆ ಹೋಗಿ ಗಾಯ ಕಟ್ಟುತ್ತಿದ್ದೆ. "ಡಾಕ್ಟರ್ ಸಾಹೇಬ್ರ" ಅಂದರೆ ಓ ಅನ್ನುತ್ತಿದ್ದೆ. ಬಾಗಿಲಿಗೆ ಬೋರ್ಡು ಹಾಕಿಸಬೇಕೆಂದು ಅವ್ವ ಹಟ ಹಿಡಿದಿದ್ದಳು. ಒಂದು ದಿನ ಮಾಮಾ ಫೋನು ಮಾಡಿಸಿದ. "ನಾಕು ಕುರಿ ಬೇಲಿ ಮುಳ್ಳಿಗೆ ಸಿಕ್ಕೊಂಡು ಕಿವಿ ಹರಕೊಂಡಾವು. ಹುಳಾ ಬೀಳೂದ್ರೊಳಗ ಬಾ."

ಜಿಟಿಜಿಟಿ ಮಳೆಯಲ್ಲಿ ಬೀಳಗಿ ದಾಟಿ ಗುಡ್ಡದ ಓರೆಗೆ ಹೋದೆ. ಉಳಿದವರೆಲ್ಲ ಹಿಂಡಿನ ಜೊತೆ ಮೇವಿಗೆ ಹೋಗಿದ್ದರು. ಮಾಮಾ ಒಬ್ಬನೇ ದಡ್ಡಿಯಲ್ಲಿ ನಾಲ್ಕು ಕುರಿ ಹಿಡಿದು ಕೂತಿದ್ದ. ನಾಲ್ಕಕ್ಕೂ ಎಡಗಿವಿ. ನಾಲ್ಕಕ್ಕೂ ತುದಿ ಸೀಳು, ಕೆಳಗೆ ಒಂದು ಹರಕು. ನಾನು ಕೈ ತೊಳೆದು ಕೆಲಸಕ್ಕೆ ಇಳಿದೆ. ರಕ್ತ ಒರೆಸಿದೆ, ತೊಳೆದೆ, ಸೂಜಿ-ದಾರ ತೆಗೆದೆ.

ಮಾಮಾ ಗಪ್ಪನೆ ನನ್ನ ಮಣಿಕಟ್ಟು ಹಿಡಿದ. "ಹೊಲಿಯೂದು ಬ್ಯಾಡ. ಮುಲಾಮ ಹಚ್ಚು, ಸಾಕು."

"ಸೀಳು ಕೂಡೂದಿಲ್ರಿ ಮಾಮಾ."

"ಕೂಡದಿದ್ರ ಬಿಡು. ಕುರಿಗೇನು ಓಲಿ ಹಾಕಬೇಕಾಗೈತಿ?"

ಇಬ್ಬರೂ ನಕ್ಕೆವು. ಮುಲಾಮು ಹಚ್ಚಿದೆ. ಒಂದರ ಮೂಗು ಸೋರುತ್ತಿತ್ತು. ಮಳೆ, ನೆಗಡಿ ಎಂದುಕೊಂಡೆ. ಸಂಜೆ ಹಿಂಡು ಬಂತು. "ಹೆಂಗೂ ಬಂದೀ, ಎಲ್ಲಾಕ್ಕೂ ಜಂತಿನ ಸೂಜಿ ಹಾಕಿ ಹೋಗು" ಎಂದ ಮಾಮಾ. ಔಷಧ ನನ್ನ ಪೆಟ್ಟಿಗೆಯಲ್ಲಿತ್ತು. ಬೆಳಕಿರುವಷ್ಟು ಹೊತ್ತು ಒಂದೊಂದನ್ನೇ ಹಿಡಿದು, ಬಾಯಿ ತೆರೆದು ನೋಡಿ, ಸೂಜಿ ಹಾಕಿದೆ. ಬಾಕಿ ಉಳಿದವಕ್ಕೆ ಬೆಳಗ್ಗೆ. ಸೂಜಿ ಬದಲಿಸುತ್ತಿದ್ದೆ, ಆ ಶಿಸ್ತು ಮಿಲಿಟರಿಯದು. ಆದರೆ ಆ ನಾಲ್ಕರ ಮೂಗು ಒರೆಸಿದ ಕೈಯನ್ನು ನೂರಾರು ಬಾಯಿಗಳಿಗೆ ಹಾಕಿದ್ದೂ ನಾನೇ. ಇದನ್ನು ಇಲ್ಲಿ ಬರೆಯದೆ ಹೋದರೆ ನಾನೂ ಮಾಮಾನ ಸಾಲಿಗೆ ಸೇರುತ್ತೇನೆ.

ವಾರ ಕಳೆಯುವುದರೊಳಗೆ ಆ ನಾಲ್ಕು ಸತ್ತವು. ನನಗೆ ಸುದ್ದಿಯೇ ಇಲ್ಲ. ಮಾಮಾ ಗುಂಡಿ ತೋಡಿ ಮುಚ್ಚಿಬಿಟ್ಟಿದ್ದ. ಆಮೇಲೆ ಹಿಂಡಿಗೆ ಹಿಡಿಯಿತು. ಬಾಯಿ ತುಂಬ ಹುಣ್ಣು, ಮೂಗಿನಲ್ಲಿ ಗೊಣ್ಣೆ, ಕೆಮ್ಮು, ಭೇದಿ. ಕರೆ ಬಂದಾಗ ಓಡಿದೆ. ನನಗೆ ಗಾಯ ಗೊತ್ತಿತ್ತು, ರೋಗ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ನೆಗಡಿಯ ಮದ್ದು, ಭೇದಿಯ ಮದ್ದು ಎಂದು ಎರಡು ದಿನ ಕಳೆದೆ. ಮಳೆಯಲ್ಲಿ ನೆನೆದ ಕುರಿಗಳು ಕಲ್ಲಿನ ಮೇಲೆ ಕತ್ತು ಚಾಚಿ ಮಲಗಿದಲ್ಲೇ ಇರುತ್ತಿದ್ದವು. ಹೆಂಗಸರು ಹೆಸರು ಹಿಡಿದು ಕರೆದರೆ ಕಿವಿ ಅಲ್ಲಾಡಿಸುತ್ತಿದ್ದವು, ಏಳುತ್ತಿರಲಿಲ್ಲ. ಮೂರನೆಯ ದಿನ ನಾನೇ ಜಮಖಂಡಿಗೆ ಹೋಗಿ ಅದೇ ಡಾಕ್ಟರಮ್ಮನ ಮುಂದೆ ನಿಂತೆ.

ಅವರು ಬೀಳಗಿಯ ದವಾಖಾನೆಯವರನ್ನೂ ಕರೆದುಕೊಂಡು ಬಂದರು. ಒಂದು ಸತ್ತ ಕುರಿಯನ್ನು ಕೊಯ್ದು ನೋಡಿ, ಕೈ ತೊಳೆದು, ಐದು ಮನೆಯವರನ್ನೂ ಸೇರಿಸಿದರು. "ಇದು ಹಿರೇಬ್ಯಾನಿ ಇದ್ದಂಗೈತಿ, ಕುರಿಗೋಳ ದೊಡ್ಡ ಅಂಟುಜಡ್ಡು. ಇದು ತಾನಾಗಿ ಹುಟ್ಟೂದಿಲ್ರಿ, ಜಡ್ಡಿನ ಕುರಿ ಜೋಡಿ ಬರ್ತೈತಿ. ಹೊರಗಿನ ಕುರಿ ಏನರ ತಂದೀರೇನು?"

ಎಲ್ಲರೂ ಹಿಂಡಿನ ಹಿರಿಯನ ಮುಖ ನೋಡಿದರು. ಹೊರಗಿನ ಕುರಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಬೆರಳುಗಳಿಗೆ ಆ ನಾಲ್ಕು ಕಿವಿಗಳು ನೆನಪಾದವು. ತುದಿ ಸೀಳು, ಕೆಳಗೆ ಕಚ್ಚು. ಮುಳ್ಳು ನಾಲ್ಕು ಕುರಿಗಳ ಕಿವಿಯನ್ನು ಒಂದೇ ಅಚ್ಚಿನಲ್ಲಿ ಹರಿಯುತ್ತದೆಯೇ? ಅದು ಗಾಯವಲ್ಲ, ಗುರುತು. ಅಂದೇ ಕೊಯ್ದ ಗುರುತು. ನಾನು ಹೊಲಿದು ಮುಚ್ಚಲು ಹೊರಟದ್ದು ನಮ್ಮ ಮಾಮಾನ ಮನೆಯ ಹೆಸರನ್ನು. ಅಕ್ಷರಕ್ಕಿಂತ ಮೊದಲು ಕಿವಿ ಓದಲು ಕಲಿತವನು, ಕೈಯಲ್ಲಿ ಹಿಡಿದುಕೊಂಡೂ ಓದಲಿಲ್ಲ. ಹದಿನೇಳು ವರ್ಷ ಗಾಯ ಹೇಗಾಯಿತೆಂದು ಕೇಳದೆ ಕಟ್ಟಿದವನು, ಅಂದೂ ಕೇಳದೆ ಕಟ್ಟಿದ್ದೆ.

ಮಾಮಾ ಸೊಂಟದ ಚೀಲದಿಂದ ಭಂಡಾರ ತೆಗೆದು ಅಂಗೈಯಲ್ಲಿ ಹಿಡಿದ. ಹೆಬ್ಬೆರಳು ಒತ್ತಿದ. "ಬೀರಪ್ಪನ ಆಣಿ. ಹೊರಗಿನ ಒಂದು ಕುರಿನೂ ಬಂದಿಲ್ಲ."

ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಏನೆಂದು ಆವತ್ತು ಕಣ್ಣಾರೆ ಕಂಡೆ.

ಆಣೆ ಆದ ಮೇಲೆ ಮಾತು ಮುಗಿಯಿತು. ಹಿರಿಯರೊಬ್ಬರು ಮೆಲ್ಲಗೆ ಅಂದರು, "ಅಮಸಿದ್ಧ ಭಂಡಾರ ಮುಟ್ಟಿ ಸುಳ್ಳ ಹೇಳಾಂವಲ್ಲ. ಹಂಗಾರ ಹೊರಗಿಂದು ಅಂತ ದಡ್ಯಾಗ ಬಂದಿದ್ದು ಒಂದs. ಸೂಜಿ."

"ಸೂಜಿಯಿಂದ ಈ ಜಡ್ಡು ಬರೂದಿಲ್ರಿ" ಎಂದರು ಡಾಕ್ಟರಮ್ಮ. ಅವರ ದನಿ ಯಾರ ಕಿವಿಗೂ ಹೋಗಲಿಲ್ಲ. "ಯಾರು ಹಾಕಿದ್ದು?" ಎಂದು ಡಾಕ್ಟರಮ್ಮನೇ ಕೇಳಿದಾಗ ಕುಂಬಳಕಾಯಿ ಕಳ್ಳನ ಹಾಗೆ ನಾನೇ ಹೆಗಲು ಮುಟ್ಟಿಕೊಂಡೆ.

"ನಮ್ಮ ಮಿಲಿಟ್ರಿ ಡಾಕ್ಟರ್" ಎಂದು ಯಾರೋ ಹೇಳಿದರು.

ಡಾಕ್ಟರಮ್ಮ ನನ್ನತ್ತ ನೋಡಿದರು. ಸಿಟ್ಟಿರಲಿಲ್ಲ, ಬೇಸರವಿತ್ತು. "ಇವ್ರು ಡಾಕ್ಟರ್ ಅಲ್ರಿ. ಬ್ಯಾಸಗ್ಯಾಗs ಹೇಳಿ ಕಳಿಸಿದ್ನಿ."

ಮಳೆ ನಿಂತಿತ್ತು. ಕುರಿಗಳು ಕೆಮ್ಮುತ್ತಿದ್ದವು. ನಾನು ಮಾಮಾನನ್ನೇ ನೋಡಿದೆ. ನೀನಾದರೂ ಒಂದು ಮಾತು ಆಡು ಎಂದು ನೋಡಿದೆ. ಅವನು ಅಂಗೈಯ ಭಂಡಾರವನ್ನು ಹಣೆಗೆ ಹಚ್ಚಿಕೊಂಡು ಕೆಳಗೆ ನೋಡುತ್ತ ನಿಂತ. ಆ ನಾಲ್ಕು ಕುರಿಯ ಗುಂಡಿ ಎಲ್ಲಿದೆ, ತೋಡಿ ಕಿವಿ ನೋಡಿ ಎಂದು ನಾನು ಕೂಗಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು ಕೂಡ. ಆದರೆ ಸುಳ್ಳು ಡಾಕ್ಟರನೊಬ್ಬ ಭಂಡಾರದ ಆಣೆಯನ್ನು ಸುಳ್ಳೆಂದರೆ ಯಾರು ನಂಬುತ್ತಾರೆ? ಅದೂ ಹೆಣ್ಣು ಕೊಟ್ಟ ಮಾವನ ಮೇಲೆ. ನಾನು ಪೆಟ್ಟಿಗೆ ಎತ್ತಿಕೊಂಡು ಗುಡ್ಡ ಇಳಿದೆ.

ಅರ್ಧಕ್ಕಿಂತ ಹೆಚ್ಚು ಹಿಂಡು ಹೋಯಿತು. ಹುನ್ನೂರಿನಲ್ಲಿ ನನ್ನನ್ನು ಯಾರೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಟ್ಟೆಯವರು ಏಳುವುದನ್ನು ಬಿಟ್ಟರು, ಅಷ್ಟೆ. ಅವ್ವ ಬೋರ್ಡಿನ ಮಾತೆತ್ತಲಿಲ್ಲ. ರೇವವ್ವ ತಿಂಗಳಾದ ಮೇಲೆ ತವರಿನಿಂದ ಬಂದು ಒಲೆಯ ಮುಂದೆ ಕೂತು ನಡೆದದ್ದನ್ನು ಹೇಳಿದಳು. ಹಳ್ಳ ದಾಟುವಾಗ ಏಕಾಏಕಿ ನೀರು ಬಂದು ಅವರ ಮನೆಯವೇ ನಾಲ್ಕು ಕುರಿ ಕೊಚ್ಚಿಹೋಗಿದ್ದವಂತೆ. ಹಿಂಡಿನ ಹಿರಿಯನ ಕೈಯಿಂದಲೇ ಕುರಿ ಹೋದವು ಎಂದರೆ ಮುಖ ಎತ್ತುವುದು ಹೇಗೆಂದು ಅವಳಪ್ಪ ಸಂತೆಯಿಂದ ನಾಲ್ಕು ತಂದು, ಕಿವಿ ಕೊಯ್ದು, ಲೆಕ್ಕ ಸರಿಮಾಡಿದ್ದ.

"ಅಪ್ಪ ಮಾಡಿದ್ದು ತಪ್ಪು ಖರೆ. ಆದ್ರ ನೀವು ಡಾಕ್ಟರ್ ಅಂತ ನನಗೂ ಯಾಕ ಸುಳ್ಳ ಹೇಳಿದ್ರಿ?" ಅಂದಳು. ದೀಪಾವಳಿಗೆ ಮುಂಚೆ ಬನಹಟ್ಟಿಗೆ ಬಂದು ಈ ಬಾಗಿಲಲ್ಲಿ ನಿಂತೆ. ಮಿಲಿಟರಿಯವನೆಂದು ಕೂಡಲೇ ಕೆಲಸ ಕೊಟ್ಟರು. ಮಿಲಿಟರಿಯ ಕಾಗದ ಇಲ್ಲಿ ಮಾತ್ರ ನಡೆಯಿತು.

ಮೊನ್ನೆ ಮಾಮಾನ ಸರದಿ ಬಂತು. ಆಧಾರ್ ಜೋಡಿಸಲು ಹೆಬ್ಬೆಟ್ಟು ಒತ್ತಬೇಕಿತ್ತು. ಯಂತ್ರ ಮೂರು ಸಲವೂ ಒಪ್ಪಲಿಲ್ಲ. ಉಣ್ಣೆ ಕತ್ತರಿಸಿ ಸವೆದ ಬೆರಳು. "ತಿಕ್ಕೊಂಡು ಬಾ ಯಜ್ಜಾ" ಎಂದು ಕೌಂಟರಿನ ಹುಡುಗಿ ಗದರಿದಳು. ಅವನು ಸುತ್ತ ನೋಡಿದ, ನನ್ನನ್ನು ಕಂಡ. ನಾನು ಹೋಗಿ ಒದ್ದೆ ಬಟ್ಟೆಯಿಂದ ಅವನ ಹೆಬ್ಬೆರಳು ಒರೆಸಿದೆ. ಸಂದಿಸಂದಿಯ ಕೊಳೆ ತೆಗೆದು, ಒಣಗಿಸಿ, ಯಂತ್ರದ ಮೇಲೆ ಒತ್ತಿ ಹಿಡಿದೆ. ಕೈ ತನ್ನ ಕೆಲಸ ಮರೆತಿರಲಿಲ್ಲ. ನಾಲ್ಕನೆಯ ಸಲ ಒಪ್ಪಿತು.

ಬೆಂಚಿನ ಮೇಲೆ ಕೂತು ಅವನು ನಿನ್ನೆ ಬಿಟ್ಟ ಮಾತನ್ನು ಮುಂದುವರಿಸುವವನಂತೆ ಅಂದ, "ಮಳಿ ಭಾಳ ಆತು ಮಾಳ್ಯಾ. ಕುರಿ ಕೆಮ್ಮಾಕತ್ತಾವು. ಏನರ ಔಷಧ ಹೇಳು."

ಆರು ವರ್ಷ ತಡೆದದ್ದು ನುಗ್ಗಿಬಂತು. "ದವಾಖಾನಿಗೆ ಹೋಗ್ರಿ. ನಾ ಡಾಕ್ಟರ್ ಅಲ್ಲ."

"ಗೊತ್ತೈತಿ. ಅವಾಗೂ ಗೊತ್ತಿತ್ತು. ಆ ಡಾಕ್ಟರಬಾಯಿ ನಿನಗ ಹೇಳಿದ್ದು ನಾ ಬಾಗಲ ಹೊರಗ ಕುಂತು ಕೇಳಿದ್ನಿ."

ನನಗೆ ಒಂದು ಕ್ಷಣ ಬಂದೂಕು ಎಲ್ಲಿ ಒರಗಿಸಿದ್ದೇನೆಂಬುದೂ ಮರೆತುಹೋಯಿತು. "ಗೊತ್ತಿದ್ದೂ ಆ ಕಿವಿಗೆ ನನ್ನs ಯಾಕ ಕರಸಿದ್ರಿ?"

ಮಾಮಾ ಕಂಬಳಿಯ ಅಂಚು ಹಿಂಡಿದ. ನೆಲದ ಮೇಲೆ ನೀರು ತೊಟ್ಟಿಕ್ಕಿತು. ದನಿಯಲ್ಲಿ ನಂಜೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ.

"ಖರೇ ಡಾಕ್ಟರ್ ಬಂದಿದ್ರ ಯಾರು ಕೊಯ್ದ್ರು ಅಂತ ಕೇಳ್ತಿದ್ದ. ಕುರಿ ಕಾಯಾಂವ ಬಂದಿದ್ರ ಕೇಳೂದೂ ಬ್ಯಾಡ, ನೋಡಿದ ಕೂಡ್ಲೆ ತಿಳ್ಕೊಂತಿದ್ದ. ನೀ ಅದೂ ಆಗಿದ್ದಿಲ್ಲ, ಇದೂ ಉಳದಿದ್ದಿಲ್ಲ. ಅದಕ್ಕ ನಿನ್ನ ಕರಸಿದ್ನಿ."

ಎದ್ದು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡ. ಹೊರಗೆ ಮಳೆ ಹೊಡೆಯುತ್ತಿತ್ತು. ನಾನು ಹೋಗಿ ಬಾಗಿಲು ತೆರೆದು ಹಿಡಿದೆ. ಅದು ನನ್ನ ಕೆಲಸ.